ಬಾಖ್, ಹ್ಯಾಂಡೆಲ್ ಮತ್ತು ನಮ್ಮ ಕುಕ್ಕರು

ಬಿ.ಎ. ಪಾಸಾದ ದಿನದಿಂದ ಮೊನ್ನೆ ಮೊನ್ನೆಯ ತನಕ ನಾನು 'ಗೊತ್ತಿಲ್ಲ' ಎಂಬ ಮಾತನ್ನು ಮನೆಯಲ್ಲಿ ಆಡಿದವನಲ್ಲ. ಇದು ಜ್ಞಾನದಿಂದ ಬಂದದ್ದಲ್ಲ, ಮರ್ಯಾದೆಯ ಪ್ರಶ್ನೆ. ನಮ್ಮ ಕುಟುಂಬದಲ್ಲಿ ಡಿಗ್ರಿಯ ಮುಖ ಮೊದಲು ನೋಡಿದವನು ನಾನು. ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟು, ಮಡಿಲಲ್ಲಿ ಮೊರ ಇಟ್ಟುಕೊಂಡು, ಬೀಡಿ ಕಟ್ಟಿ ಕಟ್ಟಿ ನನ್ನನ್ನು ಕಾಲೇಜಿಗೆ ಕಳಿಸಿದವಳು. ಮೂರನೆಯ ಸಲಕ್ಕೆ ನಾನು ಇಂಗ್ಲಿಷ್ ಪೇಪರು ದಾಟಿದಾಗ, ಬಂಟ್ವಾಳ ಪೇಟೆಯಲ್ಲಿ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ ದೇವರ ಪಟದ ಪಕ್ಕ ತೂಗುಹಾಕಿದವಳೂ ಅವಳೇ. ಅಂಥವಳು ಏನನ್ನಾದರೂ ಕೇಳಿದರೆ ಗೊತ್ತಿಲ್ಲ ಎನ್ನುವುದು ಹೇಗೆ?

ಹಾಗಾಗಿ ನನಗೆ ಎಲ್ಲವೂ ಗೊತ್ತು. ಮಾತ್ರೆಯ ಜೊತೆ ಬರುವ ಸಣ್ಣ ಅಕ್ಷರದ ಕಾಗದದಿಂದ ಹಿಡಿದು ಈ ವರ್ಷದ ನೆರೆಗೆ ನೇತ್ರಾವತಿ ಹೊಳೆ ಯಾರ ಅಂಗಡಿಯ ಮೆಟ್ಟಿಲು ಹತ್ತುತ್ತದೆ ಎಂಬುದರ ತನಕ. ಒಮ್ಮೆ ಕುಕ್ಕರು ಕೂಗದೆ ಮುನಿಸಿಕೊಂಡಾಗ, ವಿಸಿಲನ್ನು ಪ್ರತಿ ಸಲ ತಣ್ಣೀರಿನಲ್ಲಿ ಅದ್ದಿ ಇಡಬೇಕೆಂದು ತೀರ್ಪು ಕೊಟ್ಟಿದ್ದೆ. ಅಕ್ಕ ಇವತ್ತಿಗೂ ಅದ್ದುತ್ತಾಳೆ.

ಈ ಸಲ ಕೇಳಿದವಳು ಅಕ್ಕನ ಮಗಳು ನಿಶ್ಮಿತಾ. ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಾಳೆ, ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಆರ್ಗನ್ ನುಡಿಸುವ ಮಾಸ್ತರರೊಬ್ಬರಲ್ಲಿ ಕೀಬೋರ್ಡ್ ಕಲಿಯುತ್ತಾಳೆ. ಭಾಷಣ ಸ್ಪರ್ಧೆಗೆ ಚೀಟಿ ಎತ್ತಿದರೆ ಅವಳ ಪಾಲಿಗೆ ಬಂದದ್ದು ಬರೋಕ್ ಕಾಲದ, ಅಂದರೆ ಮುನ್ನೂರು ವರ್ಷ ಹಿಂದಿನ ಯುರೋಪಿನ, ಇಬ್ಬರು ಸಂಗೀತಗಾರರ ಹೋಲಿಕೆ. (ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ನಿಮಗಾಗಿ ಕನ್ನಡ ಮಾಡಿದ್ದೇನೆ.)

"ಮಾಮ, ಬಾಖ್, ಹ್ಯಾಂಡೆಲ್ ಅಂತ ಇದ್ದಾರಲ್ಲ, ಗೊತ್ತುಂಟಾ ನಿಮಗೆ?"

ಅಕ್ಕ ಬೀಡಿ ಎಲೆ ಕತ್ತರಿಸುತ್ತಾ ಕೂತಲ್ಲಿಂದಲೇ, "ಅವನಿಗೆ ಗೊತ್ತಿಲ್ಲದ್ದು ಎಂಥ ಉಂಟು?" ಎಂದಳು.

"ಗೊತ್ತುಂಟು," ಎಂದೆ. "ಹ್ಯಾಂಡೆಲ್ ಬಾಖನ ಶಿಷ್ಯ."

ಆ ಮಾತು ಎಲ್ಲಿಂದ ಬಂತೋ! ಎರಡು ಹೆಸರು ಒಟ್ಟಿಗೆ ಕೇಳಿದರೆ ಒಬ್ಬ ಗುರು, ಒಬ್ಬ ಶಿಷ್ಯ ಇರಲೇಬೇಕು. ಹೆಸರು ಚಿಕ್ಕದಿರುವವನು ಗುರು ಇರಬೇಕು ಎಂದು ಲೆಕ್ಕ ಹಾಕಿದೆ. ಹುಡುಗಿ ಅದನ್ನು ಮುದ್ದಾದ ಅಕ್ಷರದಲ್ಲಿ ಭಾಷಣದ ಮೊದಲ ಸಾಲಾಗಿ ಬರೆದುಕೊಂಡಳು.

ಮರುದಿನ ಆಫೀಸಿನಲ್ಲಿ ಬುತ್ತಿ ಬಿಚ್ಚಿ, ಮೊಬೈಲಿನಲ್ಲಿ ಹುಡುಕಿದೆ. ಬುತ್ತಿಯ ಮುಚ್ಚಳ ಮತ್ತೆ ಹಾಕಿದೆ. ಇಬ್ಬರೂ ಜರ್ಮನಿಯ ಒಂದೇ ಸೀಮೆಯವರು, ಒಂದೇ ವರ್ಷ ಹುಟ್ಟಿದವರು. ಒಬ್ಬ ಇನ್ನೊಬ್ಬನ ಮುಖ ಕಡೆಯವರೆಗೂ ನೋಡಿದವನಲ್ಲ. ಹ್ಯಾಂಡೆಲ್ ಊರಿಗೆ ಬಂದಿದ್ದಾನೆ ಎಂದು ಕೇಳಿ ಬಾಖ್ ಒಮ್ಮೆ ಹೊರಟು ಬಂದನಂತೆ. ಮುಟ್ಟುವಾಗ ಹ್ಯಾಂಡೆಲ್ ಅದೇ ದಿನ ಊರು ಬಿಟ್ಟು ಹೊರಟಾಗಿತ್ತು. ಪುಂಜಾಲಕಟ್ಟೆಯಲ್ಲಿ ಓಡಿ ಬಂದು ಬಸ್ಸಿನ ಬೆನ್ನು ಮಾತ್ರ ನೋಡಿದ ಅನುಭವ ನನಗೂ ಇರುವುದರಿಂದ ಬಾಖನ ಮೇಲೆ ಕನಿಕರ ಉಕ್ಕಿತು. ಆದರೆ ಕನಿಕರದಿಂದ ಶಿಷ್ಯ ಹುಟ್ಟುವುದಿಲ್ಲವಲ್ಲ.

ಸಂಗೀತವಾದರೂ ಕೈ ಹಿಡಿಯಲಿ ಎಂದು ಬಾಖನದ್ದೊಂದು ಹಾಕಿದೆ. ಪಕ್ಕದ ಮೇಜಿನ ಗೆಳೆಯ ಇಯರ್‌ಫೋನಿನ ಒಂದು ತುದಿ ಕಿವಿಗಿಟ್ಟುಕೊಂಡು, "ಎಂಥದು ಮಾರಾಯ ಇದು, ಒಬ್ಬ ಹೇಳಿದ್ದನ್ನೇ ಇನ್ನೊಬ್ಬ ಹೇಳ್ತಾನೆ, ಅವ ಮುಗಿಸುವ ಮೊದಲು ಮೂರನೆಯವ ಸುರು ಮಾಡ್ತಾನೆ!" ಎಂದ. ಸತ್ಯ. ಮದುವೆ ಮಾತುಕತೆಗೆ ಕೂತ ನಮ್ಮ ಚಿಕ್ಕಮ್ಮಂದಿರ ಹಾಗೆ. ವ್ಯತ್ಯಾಸವೆಂದರೆ ಬಾಖನಲ್ಲಿ ಕೊನೆಗೆ ಎಲ್ಲರೂ ಒಂದೇ ಕಡೆ ಬಂದು ಮುಟ್ಟುತ್ತಾರೆ. ಹ್ಯಾಂಡೆಲ್ ಬೇರೆ ತರ. ನಮ್ಮ ಯಕ್ಷಗಾನದ ಒಡ್ಡೋಲಗವೇ: ಎಲ್ಲ ಒಟ್ಟಿಗೆ ಮೊಳಗಿ, ತಟ್ಟನೆ ನಿಂತು, ಈಗ ಅರಸು ಬಂದ ಎಂದು ನಾವು ಬೆನ್ನು ನೆಟ್ಟಗೆ ಮಾಡಬೇಕು.

ಸ್ಪರ್ಧೆಯ ಹಿಂದಿನ ಸಂಜೆ ತಪ್ಪೊಪ್ಪಿಕೊಳ್ಳಲೇಬೇಕಾಯಿತು. ಇಲ್ಲದಿದ್ದರೆ ಹುಡುಗಿಯ ಮರ್ಯಾದೆ ಹೋಗುತ್ತದೆ. ಒಪ್ಪಿಕೊಂಡರೆ ನನ್ನದು, ಅದೂ ಅಕ್ಕನ ಮುಂದೆ. ಜೀವನಚರಿತ್ರೆಯ ನಡುವೆ ಎಲ್ಲಾದರೂ ಮೆಲ್ಲ ತುರುಕಿಬಿಡುವ ಎಂದು ಶುರು ಮಾಡಿದೆ. ಅಕ್ಕ ಮಾತ್ರ ಮನೆಗೆ ಎರಡು ಮದುವೆ ಸಂಬಂಧ ಬಂದ ಹಾಗೆ ಕೇಳುತ್ತಾ ಕೂತಳು.

"ಬಾಖ್ ದೇಶ ಬಿಡಲಿಲ್ಲ. ಇಗರ್ಜಿಯ ಶಾಲೆಯಲ್ಲಿ ಮಾಸ್ಟ್ರು. ಮೊದಲ ಹೆಂಡತಿ ತೀರಿಹೋದ ಮೇಲೆ ಇನ್ನೊಂದು ಮದುವೆ. ಒಟ್ಟು ಇಪ್ಪತ್ತು ಮಕ್ಕಳು."

"ಇಪ್ಪತ್ತಾ! ಮತ್ತೆ ಸಂಗೀತ ಬರೆದದ್ದು ಯಾವಾಗ?"

"ಹ್ಯಾಂಡೆಲ್ ಲಂಡನ್ನಿಗೆ ಹೋದ. ರಾಜರ ಸಹವಾಸ, ಭರ್ಜರಿ ಊಟ. ಮದುವೆ ಆಗಲಿಲ್ಲ. ಇದ್ದದ್ದರಲ್ಲಿ ಹೆಚ್ಚಿನದ್ದು ತಂಗಿಯ ಮಗಳಿಗೆ ಬರೆದಿಟ್ಟ."

ನೂಲು ಸುತ್ತುತ್ತಿದ್ದ ಅಕ್ಕನ ಬೆರಳು ನಿಂತಿತು. "ಹಾಗಾದ್ರೆ ಅವನದ್ದು ಅಳಿಯಸಂತಾನ! ನಮ್ಮವನೇ ಮಾರಾಯ!" ಮಾವನ ಆಸ್ತಿ ಅವನ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ ಎನ್ನುವುದು ನಮ್ಮ ಹಿರಿಯರ ಕಟ್ಟು. ನಲವತ್ತು ದಾಟಿದ ಅವಿವಾಹಿತ ತಮ್ಮನನ್ನು ಅವಳು ಹೊಸದಾಗಿ ನೋಡಿದಳು. ನಾನು ಅವಸರದಲ್ಲಿ ಮುಂದೆ ಹೋದೆ.

"ಮುದಿಪ್ರಾಯದಲ್ಲಿ ಇಬ್ಬರ ಕಣ್ಣಿಗೂ ಒಬ್ಬನೇ ಡಾಕ್ಟರು ಕೈ ಹಾಕಿದ್ದು. ಇಬ್ಬರಿಗೂ ದೃಷ್ಟಿ ಬರಲಿಲ್ಲ."

"ಮೊದಲಿನವನದ್ದು ಹಾಳಾದದ್ದು ಗೊತ್ತಿದ್ದೂ ಎರಡನೆಯವ ಅಲ್ಲಿಗೇ ಹೋದದ್ದಾ?"

"ಗೊತ್ತಾಗುವುದು ಹೇಗೆ ಅಕ್ಕ, ಅವರಿಗೆ ಪರಿಚಯವೇ ಇರಲಿಲ್ಲ!"

ನಿಶ್ಮಿತಾ ಪುಸ್ತಕದಿಂದ ತಲೆ ಎತ್ತಿದಳು. "ಶಿಷ್ಯ ಅಂದದ್ದು ಮತ್ತೆ?"

ಓಡಲು ದಾರಿ ಇರಲಿಲ್ಲ. "ಅದು... ನನಗೆ ಗೊತ್ತಿರಲಿಲ್ಲ. ಸುಮ್ಮನೆ ಹೇಳಿದ್ದು."

ಅಕ್ಕ ದೇವರ ಪಟದ ಪಕ್ಕ ನೋಡುತ್ತಾಳೆಂದು ಹೆದರಿದೆ. ಅವಳು ನೋಡಿದ್ದು ಅಡುಗೆಮನೆಯ ಕಡೆ.

"ಹಾಗಾದ್ರೆ ಕುಕ್ಕರಿನದ್ದು?"

ಇಷ್ಟು ವರ್ಷ ಅದ್ದಿದ ತಣ್ಣೀರೆಲ್ಲ ನನ್ನ ತಲೆಯ ಮೇಲೆ ಸುರಿದ ಹಾಗಾಯಿತು.

ಮರುದಿನ ಮೂಡುಬಿದಿರೆಗೆ ಮೂವರೂ ಹೋದೆವು. ಹುಡುಗಿ ಮೊದಲ ಸಾಲು ಹೊಡೆದುಹಾಕಿ ಚೆನ್ನಾಗಿಯೇ ಮಾತಾಡಿದಳು. ನಾನು ಹೇಳಿಕೊಟ್ಟಿದ್ದ ಬಾಖನ ಚಿಕ್ಕಮ್ಮಂದಿರ ಹೋಲಿಕೆಗೆ ಸಭೆ ನಕ್ಕಿತು. ಕೊನೆಗೆ ತೀರ್ಪುಗಾರರು ಕೇಳಿದರು: "ಹ್ಯಾಂಡೆಲನಿಗೆ ಬಾಖನ ಸಂಗೀತ ಇಷ್ಟ ಇತ್ತಾ ಮಗಳೇ?" ಗೊತ್ತುಂಟು ಎನ್ನಲು ಸಭೆಯಲ್ಲಿ ಅರ್ಧ ಎದ್ದವನು ನಾನು. ಅಕ್ಕ ಅಂಗಿ ಹಿಡಿದು ಎಳೆದಳು. "ಕೂತ್ಕೊ ಸುಮ್ಮನೆ."

ವೇದಿಕೆಯ ಮೇಲೆ ನಿಶ್ಮಿತಾ, "ಗೊತ್ತಿಲ್ಲ ಸರ್, ಹುಡುಕಿ ನೋಡ್ಬೇಕು," ಎಂದಳು.

ತಲೆಯ ಮೇಲಿನ ಮಾಡು ಕುಸಿದು ಬೀಳಲಿಲ್ಲ. ತೀರ್ಪುಗಾರರು ತಲೆದೂಗಿ ಏನೋ ಬರೆದುಕೊಂಡರು. ನನಗೆ ಮೂರು ಪ್ರಯತ್ನದಲ್ಲಿ ಸಿಕ್ಕ ಡಿಗ್ರಿಯಲ್ಲಿ ಆ ಒಂದು ಮಾತಿಗೆ ಜಾಗವೇ ಇರಲಿಲ್ಲ. ಈ ಹುಡುಗಿಗೆ ಡಿಗ್ರಿ ಬರುವ ಮೊದಲೇ ಅದು ಬಂದಿದೆ. ತಂಗಿಯ ಮಗಳಿಗೆ ಬಿಟ್ಟುಹೋಗಲು ಹ್ಯಾಂಡೆಲನಲ್ಲಿ ಏನೇನೋ ಇತ್ತು. ನನ್ನಲ್ಲಿದ್ದದ್ದು ಒಂದು 'ಗೊತ್ತುಂಟು'. ಅದನ್ನವಳು ಮಾಮನಿಗೇ ಇರಲಿ ಎಂದು ಬಿಟ್ಟಳು.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬರು ಬಂದು, "ಇದು ಸಿದ್ಧಕಟ್ಟೆಗೆ ಹೋಗ್ತದಾ?" ಎಂದು ಕೇಳಿದರು. ಆ ದಾರಿಯ ಒಂದೊಂದು ಹೊಂಡವೂ ಬಲ್ಲ ನಾನು ಗಂಟಲು ಸರಿಮಾಡಿಕೊಂಡು, "ಗೊತ್ತಿಲ್ಲ," ಎಂದೆ. ಅವರು ನನ್ನನ್ನು ಮೇಲೆ ಕೆಳಗೆ ನೋಡಿ, ಬೋರ್ಡು ಓದಿ ಹತ್ತಿಹೋದರು.

"ಗೊತ್ತಿದ್ದದ್ದಕ್ಕೆ ಯಾಕೆ ಹಾಗೆ ಹೇಳಿದ್ದು?" ಎಂದಳು ಅಕ್ಕ.

"ಅಭ್ಯಾಸ ಮಾಡ್ತಾ ಇದ್ದೇನೆ ಅಕ್ಕ. ಬಾಖನಿಗೂ ಸಂಗೀತ ಒಂದೇ ದಿನದಲ್ಲಿ ಬಂದದ್ದಲ್ಲ."