ಎಡಗಡೆ ಕೆಳಗೆ, ಹದಿನಾರು

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ, ಯಾಕೆಂದರೆ ಇದರ ಮುಂದೆ ಬರುವ ಯಾವುದಕ್ಕೂ ನಾನು ತಪ್ಪೊಪ್ಪಿಕೊಳ್ಳುವವಳಲ್ಲ.

ಸಾಂಟಾ ಕ್ಲಾರಾದಲ್ಲಿ ನಾವಿದ್ದ ಅಪಾರ್ಟ್‌ಮೆಂಟಿನಲ್ಲಿ ಲಾಂಡ್ರಿ ಕೋಣೆಗೂ ಕ್ಲಬ್‌ಹೌಸಿಗೂ ನಡುವೆ ಒಂದೇ ಗೋಡೆ. ಬುಧವಾರ ನನ್ನ ಬಟ್ಟೆ ಒಗೆಯುವ ದಿನ. ಡ್ರೈಯರಿಗೆ ಬಟ್ಟೆ ಹಾಕಿದ ಮೇಲೆ ಮುಕ್ಕಾಲು ಗಂಟೆ ಕಾಯಬೇಕು. ಮೂರು ಮಹಡಿ ಹತ್ತಿ ಮನೆಗೆ ಹೋಗಿ ಮತ್ತೆ ಇಳಿದು ಬರುವ ಬದಲು ಕ್ಲಬ್‌ಹೌಸಿನ ಬಾಗಿಲಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಒಳಗೆ ಡಾರ್ಟ್ಸ್ ನಡೆಯುತ್ತಿತ್ತು. ಗೋಡೆಗೆ ಒಂದರಿಂದ ಇಪ್ಪತ್ತರವರೆಗೆ ಅಂಕಿ ಬರೆದ ಹೋಳುಗಳ ದುಂಡನೆಯ ಬೋರ್ಡು, ಅದರ ಪಕ್ಕ ಒಂದು ಕರಿಹಲಗೆ, ನೆಲಕ್ಕೆ ಅಂಟಿಸಿದ ಬಿಳಿ ಟೇಪಿನ ಗೆರೆ. ಗೆರೆಯ ಹಿಂದೆ ನಿಂತು ಮೂರು ಬಾಣ ಎಸೆಯಬೇಕು.

ಇದನ್ನೆಲ್ಲ ಹೂಡಿದವರು ನೆಲಮಹಡಿಯಲ್ಲಿದ್ದ ಒಬ್ಬ ಇಂಗ್ಲಿಷ್ ಅಜ್ಜ. ಕಂಪ್ಯೂಟರಿನ ಚಿಪ್ಪು ಮಾಡುವ ಯಂತ್ರಗಳ ಬಿಡಿಭಾಗ ಕಡೆಯುವ ಕೆಲಸಕ್ಕೆಂದು ಬಹಳ ಹಿಂದೆ ಬಂದು, ನಿವೃತ್ತರಾಗಿ, ಹೆಂಡತಿಯನ್ನು ಕಳೆದುಕೊಂಡು ಅಲ್ಲೇ ಉಳಿದಿದ್ದರು. ನಮ್ಮವರು, ಇನ್ನಿಬ್ಬರು ಇಂಜಿನಿಯರುಗಳು ಮತ್ತು ಅಜ್ಜ ಸೇರಿ ನಾಲ್ಕು ಜನರ ತಂಡ. ಸುತ್ತಲಿನ ಅಪಾರ್ಟ್‌ಮೆಂಟುಗಳಿಂದ ಇನ್ನೂ ಮೂರು ತಂಡ ಬರುತ್ತಿದ್ದವು. ಅದಕ್ಕೊಂದು ಲೀಗು, ಲೀಗಿಗೊಬ್ಬ ಕಾರ್ಯದರ್ಶಿ.

ಆಟ ಐನೂರ ಒಂದರಿಂದ ಶುರು. ಎಸೆದಷ್ಟನ್ನು ಕಳೆಯುತ್ತ ಬರಬೇಕು. ಕೊನೆಗೆ ಸರಿಯಾಗಿ ಸೊನ್ನೆಗೆ ಬಂದು ನಿಲ್ಲಬೇಕು, ಅದೂ ಕೊನೆಯ ಬಾಣ ಹೊರಸುತ್ತಿನ ಸಣ್ಣ ಪಟ್ಟಿಗೇ ಬೀಳಬೇಕು. ಅಲ್ಲಿ ಬಿದ್ದರೆ ಅಂಕ ಎರಡರಷ್ಟು. ಸೋತವರು ಮುಂದಿನ ಆಟಕ್ಕೆ ಹಲಗೆಯ ಪಕ್ಕ ನಿಂತು ಅಂಕ ಬರೆಯಬೇಕು ಎಂಬುದು ಅಜ್ಜನ ಊರಿನ ಪದ್ಧತಿ. ಆದರೆ ನಮ್ಮ ಇಂಜಿನಿಯರುಗಳಿಗೆ ಚಿಪ್ಪು ಮಾಡಲು ಬರುತ್ತಿತ್ತು, ಕಳೆಯುವ ಲೆಕ್ಕ ಬರುತ್ತಿರಲಿಲ್ಲ. ಒಂದು ಸಂಜೆ ನಾನೂರ ಎರಡರಲ್ಲಿ ಎಂಬತ್ತೈದು ಕಳೆಯಲು ಒಬ್ಬ ಸೀಮೆಸುಣ್ಣ ಕಚ್ಚಿಕೊಂಡು ನಿಂತಿದ್ದ. ಮೈಸೂರಿನಲ್ಲಿ ಹತ್ತು ವರ್ಷ ಮಿಡ್ಲ್ ಸ್ಕೂಲಿಗೆ ಲೆಕ್ಕ ಕಲಿಸಿದವಳು ನಾನು. ತಡೆಯಲಾರದೆ ಬಾಗಿಲಿಂದಲೇ ಮುನ್ನೂರ ಹದಿನೇಳು ಅಂದೆ. ಅಜ್ಜ ಎದ್ದು ಬಂದು ಅವನ ಕೈಯಿಂದ ಸೀಮೆಸುಣ್ಣ ಕಿತ್ತು ನನಗೆ ಕೊಟ್ಟರು. ಅಂದಿನಿಂದ ಯಾರೇ ಸೋಲಲಿ, ಬರೆಯುವವಳು ನಾನೇ.

ಬರೆಯುವವರಿಗೂ ಒಂದು ಕಟ್ಟಳೆ ಇದೆ. ಬೋರ್ಡಿನ ಕಡೆ ಮುಖಮಾಡಿ ಅಲ್ಲಾಡದೆ ನಿಲ್ಲಬೇಕು. ಕೇಳಿದರೆ ಎಷ್ಟು ಉಳಿದಿದೆ ಎಂದು ಹೇಳಬಹುದು. ಅದನ್ನು ಮುಗಿಸಲು ಎಲ್ಲಿಗೆ ಎಸೆಯಬೇಕು ಎಂದು ಮಾತ್ರ ಹೇಳಕೂಡದು. ಅಜ್ಜ ಇದನ್ನು ನನಗೆ ಮೊದಲ ದಿನವೇ ಹೇಳಿದ್ದರು. ನಾನೂ ಒಂಬತ್ತು ತಿಂಗಳು ಬಾಯಿಗೆ ಬೀಗ ಹಾಕಿಕೊಂಡೇ ನಿಂತಿದ್ದೆ.

ಎರಡು ಸಾವಿರದ ಇಸವಿ ಮುಗಿಯುತ್ತ ಬಂದ ಚಳಿಗಾಲ. ಬೆರ್ರಿಯೆಸಾ ಕಡೆಯ ತಂಡದ ಜೊತೆ ಪಂದ್ಯ. ನಮ್ಮವರಿಗೆ ಐವತ್ತೆರಡು ಉಳಿದಿತ್ತು. ಬಾಣ ಹಿಡಿದು ಬೋರ್ಡನ್ನೇ ನೋಡುತ್ತ ನಿಂತುಬಿಟ್ಟರು. ಫ್ರಿಜ್ಜಿನ ಬಾಗಿಲು ತೆರೆದು ಎದುರಿಗಿರುವ ಉಪ್ಪಿನಕಾಯಿ ಬಾಟಲಿಯನ್ನೇ ಹುಡುಕುವಾಗ ನಿಲ್ಲುತ್ತಾರಲ್ಲ, ಹಾಗೆ. ಮದುವೆಯಾದಾಗಿನಿಂದ ಅವರ ಕನ್ನಡಕ ಟಿವಿ ಮೇಲಿದೆ, ಫ್ರೀವೇ ಎಕ್ಸಿಟ್ಟು ಇನ್ನೊಂದಾದ ಮೇಲಿದೆ ಎಂದು ಹೇಳುತ್ತ ಬಂದಿರುವ ಬಾಯಿ ಇದು. ತಾನಾಗಿ ಬಂದುಬಿಟ್ಟಿತು.

"ಮೊದ್ಲು ಇಪ್ಪತ್ತಕ್ಕೆ ಹಾಕ್ರೀ. ಆಮೇಲೆ ಎಡಗಡೆ ಕೆಳಗೆ, ಹದಿನಾರು, ಹೊರಗಿನ ಪಟ್ಟಿ."

ಹೇಳಿದ ಹಾಗೇ ಎಸೆದರು. ಹೇಳಿದ ಹಾಗೇ ಬಿತ್ತು. ಚಪ್ಪಾಳೆಯಾಯಿತು. ಕನ್ನಡದಲ್ಲಿ ಹೇಳಿದ್ದು, ಯಾರಿಗೆ ತಿಳಿಯಬೇಕು ಎಂದುಕೊಂಡೆ. ಅಷ್ಟರಲ್ಲಿ ಎದುರು ತಂಡದಲ್ಲಿ ಅಲ್ಲಿಯವರೆಗೆ ಬರೀ ಹಿಂದಿ, ಇಂಗ್ಲಿಷ್ ಆಡುತ್ತಿದ್ದ ಗಡ್ಡದ ಹಿರಿಯರೊಬ್ಬರು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ನಮ್ದು ಹುಬ್ಬಳ್ಳಿ."

ಅವರು ತಮ್ಮ ನಾಯಕನಿಗೆ ವಿಷಯ ಹೇಳಿದರು, ಹೇಳಲೇಬೇಕಿತ್ತು. ಆಟ ಅವರ ಪಾಲಾಯಿತು. ನಾನು ಎಲ್ಲರೆದುರು ಕ್ಷಮೆ ಕೇಳಿದೆ. ನನ್ನ ಕಡೆಯಿಂದ ಅಲ್ಲಿಗೆ ಲೆಕ್ಕ ಚುಕ್ತಾ.

ಕಾರ್ಯದರ್ಶಿಗೆ ಚುಕ್ತಾ ಆಗಲಿಲ್ಲ. ಮರುದಿನ ಕ್ಲಬ್‌ಹೌಸಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋಗಿದ್ದ. ನಾನು ಇನ್ನು ಅಂಕ ಬರೆಯಕೂಡದು ಎಂಬುದು ಅದರ ಮೊದಲ ಸಾಲು. ಅದನ್ನು ಒಪ್ಪಿಕೊಂಡೆ. ಆಟಗಾರರ ಮನೆಯವರು ಯಾರೂ ಬೋರ್ಡಿನ ಹತ್ತಿರ ನಿಲ್ಲಕೂಡದು ಎಂಬುದು ಎರಡನೆಯ ಸಾಲು. ಎರಡು ಸಲ ಓದಿದೆ. ಆಟಕ್ಕೆ ಬರುತ್ತಿದ್ದ ಮನೆಯವರು ಅಂದರೆ ಇಡೀ ಲೀಗಿನಲ್ಲಿ ನಾನೊಬ್ಬಳೇ.

ಹುಬ್ಬಳ್ಳಿಯ ಸಾಹೇಬರು ಮುಂದಿನ ವಾರ ಖರ್ಜೂರದ ಡಬ್ಬಿ ಹಿಡಿದು ಮನೆಗೇ ಬಂದರು. ಎಲ್ ಕಮಿನೋ ರಸ್ತೆಯಲ್ಲಿ ಅವರದೊಂದು ವಿಡಿಯೋ ಕ್ಯಾಸೆಟ್ಟಿನ ಅಂಗಡಿ. ಮಾತಿಗೆ ಮಾತು ಬಂದು, ಇಂಗ್ಲೆಂಡಿನ ಕ್ಯಾಸೆಟ್ಟು ಅಮೆರಿಕದ ವಿಸಿಆರಿನಲ್ಲಿ ಓಡುವುದಿಲ್ಲ, ಅದನ್ನು ಓಡುವ ಹಾಗೆ ಬದಲಿಸಿ ಕೊಡುವುದೂ ತಮ್ಮ ಕೆಲಸ ಎಂದರು. ಅಜ್ಜನ ಮನೆಯಲ್ಲಿ ಶೂ ಪೆಟ್ಟಿಗೆಯ ತುಂಬ ಅಂಥವೇ ಕ್ಯಾಸೆಟ್ಟುಗಳಿದ್ದವು. ವಿಶ್ವ ಚಾಂಪಿಯನ್‌ಶಿಪ್ಪಿನವು, ಅವರ ತಂಗಿ ಅಲ್ಲಿಂದ ಟಿವಿಯಲ್ಲಿ ರೆಕಾರ್ಡು ಮಾಡಿ ಕಳಿಸುತ್ತಿದ್ದವು. ಒಂದನ್ನೂ ನೋಡಲಾಗದಿದ್ದರೂ ತಂಗಿಗೆ ಬೇಜಾರಾದೀತೆಂದು ಅಜ್ಜ ಅದನ್ನು ಹೇಳಿರಲೇ ಇಲ್ಲ. ಸಾಹೇಬರು ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದರು.

ಜನವರಿಯಲ್ಲಿ ನಮ್ಮ ಇಂಜಿನಿಯರೊಬ್ಬನ ಕಂಪನಿ ಮುಚ್ಚಿತು. ಅವನು ದೂರದ ಗಿಲ್‌ರಾಯ್ ಕಡೆ ಮನೆ ಮಾಡಿಕೊಂಡು ಹೋದ. ತಂಡದಲ್ಲಿ ಮೂವರೇ ಉಳಿದರು. ಚೀಟಿ ಬಂದ ದಿನದಿಂದ ಅಜ್ಜ ನನಗೆ ಹಗಲು ಹೊತ್ತಿನಲ್ಲಿ ಎಸೆಯುವುದನ್ನು ಕಲಿಸುತ್ತಿದ್ದರು. ಅಡುಗೆ ಮುಗಿಸಿ, ಮಗಳು ಸ್ಕೂಲಿಂದ ಬರುವುದರೊಳಗೆ ದಿನಕ್ಕೆ ಎರಡು ಗಂಟೆ. ಅಂಕ ಬರೆದೂ ಬರೆದೂ ಬೋರ್ಡು ನನಗೆ ಸಾಂಬಾರ ಡಬ್ಬಿಯಷ್ಟೇ ಪರಿಚಯ. ಎಲ್ಲಿ ಏನಿದೆ ಎಂದು ನೋಡಬೇಕಾಗಿರಲಿಲ್ಲ, ಕೈ ಪಳಗಬೇಕಿತ್ತು, ಪಳಗಿತು. ನಾಲ್ಕನೆಯ ಹೆಸರು ನನ್ನದೆಂದು ಅಜ್ಜ ಬರೆದು ಕಳಿಸಿದರು. ತಂಡವೆಂದರೆ ನಾಲ್ವರು ಗಂಡಸರು ಎಂದು ನಿಯಮದಲ್ಲಿದೆ ಅಂತ ಕಾರ್ಯದರ್ಶಿ ವಾಪಸು ಕಳಿಸಿದ.

ಊಟಕ್ಕೆ ಕೂತಾಗ ನಮ್ಮವರು ನನ್ನನ್ನು ಸಮಾಧಾನ ಮಾಡಲು ನೋಡಿದರು.

"ಬಿಡೇ ಅತ್ಲಾಗೆ. ಆಟ ತಾನೆ."

"ಆಟ ತಾನೆ ಅಂದ್ರೆ ನೀವು ಬಿಡಿ. ನಿಮ್ಮ ಜಾಗ ಖಾಲಿಯಾಗತ್ತೆ."

ಅವರು ಚಪಾತಿಯ ಕಡೆ ಗಮನ ಕೊಟ್ಟರು. ಮಗಳು ಪುಸ್ತಕದಿಂದ ತಲೆಯೆತ್ತದೆ "ಜಸ್ಟ್ ಪ್ಲೇ, ಅಮ್ಮಾ" ಅಂದಳು. ಎಲ್ಲಿ, ಯಾರ ಜೊತೆ ಅನ್ನುವುದೇ ಪ್ರಶ್ನೆಯಾಗಿತ್ತು. ಗೋಡೆಗೆ ಒಬ್ಬಳೇ ಎಸೆಯುವುದು ಆಟವಲ್ಲ. ಗೆರೆಯ ಹಿಂದೆ ಸರದಿಯಲ್ಲಿ ನನಗೊಂದು ಜಾಗ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಕ್ಯಾಸೆಟ್ಟುಗಳು ಬದಲಾಗಿ ಬಂದ ಶನಿವಾರ ಮಧ್ಯಾಹ್ನ ಅಜ್ಜ ನಮ್ಮಿಬ್ಬರನ್ನೂ ಸಾಹೇಬರನ್ನೂ ಚಹಾಕ್ಕೆ ಕರೆದರು. ಒಂದೊಂದೇ ಹಾಕಿ ತೋರಿಸುತ್ತ ಆ ಚಾಂಪಿಯನ್‌ಶಿಪ್ಪಿನ ಕಥೆ ಹೇಳಿದರು. ಮೊದಲು ಇದ್ದದ್ದು ಒಂದೇ ಸಂಘ, ಅದರದೊಂದೇ ವಿಶ್ವ ಚಾಂಪಿಯನ್‌ಶಿಪ್ಪು. ಬರುಬರುತ್ತ ಟಿವಿಯವರು ಡಾರ್ಟ್ಸ್ ತೋರಿಸುವುದನ್ನು ಕಡಿಮೆ ಮಾಡಿದರು. ಆಟವೇ ಹೊಟ್ಟೆಪಾಡಾಗಿದ್ದ ಆಟಗಾರರು ಏನಾದರೂ ಮಾಡಿ ಎಂದು ಕೇಳಿದರೆ ಸಂಘ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಹದಿನಾರು ಜನ ಸೇರಿ ತಮ್ಮದೇ ಒಂದು ಕೂಟ ಕಟ್ಟಿದರು. ಹಿಂದೆ ಗೆದ್ದು ಇನ್ನೂ ಆಡುತ್ತಿದ್ದ ಚಾಂಪಿಯನ್ನುಗಳೆಲ್ಲ ಅದರಲ್ಲಿದ್ದರು. ತೋಳಿಗೆ ಕೂಟದ ಬ್ಯಾಡ್ಜು ಹಾಕಿಕೊಂಡು ಹಳೆಯ ಚಾಂಪಿಯನ್‌ಶಿಪ್ಪಿನಲ್ಲೇ ಆಡಲು ಬಂದರು. ಬ್ಯಾಡ್ಜು ತೆಗೆಯಿರಿ ಎಂದಿತು ಸಂಘ. ಹಾಗಾದರೆ ಇಲ್ಲಿ ಇನ್ನು ಆಡುವುದೇ ಇಲ್ಲವೆಂದು ಅವರು ತೀರ್ಮಾನಿಸಿದರು. ಸಂಘ ಅವರನ್ನು ಹೊರಗೆ ಹಾಕಿತು. ಅಷ್ಟಕ್ಕೇ ಸಾಲದೆ, ಅವರ ಜೊತೆ ಆಡಿದವರೂ ಹೊರಗೆ ಎಂದಿತು.

"ಒಳ್ಳೇ ಕಥಿ ಆತಲ್ಲ" ಅಂದರು ಸಾಹೇಬರು. ಅವರು ಕನ್ನಡದಲ್ಲಿ ಅಂದದ್ದು ಅಜ್ಜನಿಗೂ ಹೇಗೋ ತಿಳಿಯಿತು, ತಲೆಯಾಡಿಸಿದರು.

ಹೊರಬಿದ್ದವರು ಲಂಡನ್ನಿನಾಚೆ ತಗ್ಗು ಸೂರಿನ ಒಂದು ಹಾಲು ಹಿಡಿದು ತಮ್ಮದೇ ವಿಶ್ವ ಚಾಂಪಿಯನ್‌ಶಿಪ್ಪು ನಡೆಸಿದರು. ಆಟಗಾರರ ಸಂಖ್ಯೆ ತುಂಬಿಸಲು ಅಮೆರಿಕದಿಂದಲೂ ಕೆಲವರನ್ನು ಕರೆಸಿಕೊಂಡರು. ಜನ ನಕ್ಕರಂತೆ. ವರ್ಷಗಟ್ಟಲೆ ಕೋರ್ಟಿನ ಜಗಳ ನಡೆದು ಕೊನೆಗೆ ರಾಜಿಯಾಯಿತು. ಈಗ ಎರಡು ಚಾಂಪಿಯನ್‌ಶಿಪ್ಪುಗಳಿವೆ, ಆದರೆ ನಕ್ಕವರು ಈಗ ನಗುತ್ತಿಲ್ಲ ಎಂದು ಹೇಳಿ ಅಜ್ಜ ಪೆಟ್ಟಿಗೆಯ ತಳದಿಂದ ಇನ್ನೊಂದು ಕ್ಯಾಸೆಟ್ಟು ತೆಗೆದರು. ಆಗಷ್ಟೇ ಮುಗಿದಿದ್ದ ಚಾಂಪಿಯನ್‌ಶಿಪ್ಪಿನದು, ತಂಗಿ ಆಮೇಲೆ ಕಳಿಸಿ ಸಾಹೇಬರು ಕೊನೆಗೆ ಬದಲಿಸಿದ್ದು, ಅವರೂ ಅದನ್ನು ಇನ್ನೂ ನೋಡಿರಲಿಲ್ಲ.

ಅದೇ ಹೊಸ ಚಾಂಪಿಯನ್‌ಶಿಪ್ಪು. ಗೆರೆಯ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಕೆನಡಾದವಳಂತೆ, ಗಂಡಸರ ನಡುವೆ ಆಡಿದ ಮೊದಲನೆಯವಳಂತೆ. ಮೊದಲ ಸೆಟ್ಟು ಅವಳೇ ಗೆದ್ದಳು. ಅಜ್ಜ ಸೋಫಾದಿಂದ ಎದ್ದುನಿಂತರು. ಚಹಾ ಆರಿತು. ಮುಂದಿನ ಮೂರೂ ಸೆಟ್ಟು ಅವಳ ಕೈತಪ್ಪಿದವು.

"ಸೋತ್ಲಲ್ಲ" ಅಂದರು ನಮ್ಮವರು.

"ಸೋತ್ರ ಏನಾತ್ರಿ" ಅಂದರು ಸಾಹೇಬರು. "ಒಳಗ ಬಂದಾರಲ್ಲ."

ಮನೆಗೆ ಬಂದವಳೇ ಮಗಳ ಚಿಕ್ಕದಾದ ಜೀನ್ಸಿನ ಜೇಬುಗಳನ್ನು ಬಿಚ್ಚಿದೆ. ಅದರಿಂದ ನಾಲ್ಕು ಚೌಕ ಕತ್ತರಿಸಿ, ಹಳದಿ ದಾರದ ಸರಪಳಿ ಹೊಲಿಗೆಯಲ್ಲಿ ಒಂದೊಂದರ ಮೇಲೂ ಮೂರು ಬಾಣ ಮೂಡಿಸಿದೆ. ನೋಡಿದವರಿಗೆ ಮೂರು ಮೆಣಸಿನಕಾಯಿಯಂತೆ ಕಾಣುತ್ತಿತ್ತು, ಇರಲಿ. ಅಜ್ಜನ ತೋಳಿಗೆ, ಉಳಿದಿದ್ದ ಇಂಜಿನಿಯರನ ತೋಳಿಗೆ, ನನ್ನ ಸ್ವೆಟರಿಗೆ ಹೊಲಿದೆ. ನಾಲ್ಕನೆಯದನ್ನು ನಮ್ಮವರ ಅಂಗಿಯ ಪಕ್ಕ ಸೂಜಿದಾರದ ಸಮೇತ ಇಟ್ಟೆ. ಮೂರು ದಿನ ಅದು ಅಲ್ಲೇ ಇತ್ತು. ಬುಧವಾರ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ "ಇದನ್ನೂ ಹೊಲಿದುಬಿಡು" ಅಂದರು.

ಆ ಸಂಜೆ ಕಾರ್ಯದರ್ಶಿಯ ತಂಡದ ಜೊತೆಗೇ ಪಂದ್ಯ. ಅವನು ನಮ್ಮ ತೋಳು ನೋಡಿದ, ಗೆರೆಯ ಹತ್ತಿರ ನಿಂತ ನನ್ನನ್ನು ನೋಡಿದ. ಮೊದಲು ಆ ಬ್ಯಾಡ್ಜು ತೆಗೆಯಿರಿ ಎಂದ. ಆ ಕಥೆ ಅವನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಅಜ್ಜ ಕೆಮ್ಮು ಬರುವಷ್ಟು ನಕ್ಕರು. ಅವನು ಇನ್ನಷ್ಟು ಕೆಂಪಾಗಿ, ನಾನು ಎಸೆದರೆ ನಮ್ಮ ತಂಡ ಲೀಗಿನಿಂದ ಹೊರಗೆ, ನಮ್ಮ ಜೊತೆ ಆಡಿದ ತಂಡವೂ ಹೊರಗೆ ಎಂದ. ನನ್ನ ಇಂಗ್ಲಿಷು ತರಕಾರಿ ಅಂಗಡಿಗೆ ಸಾಕಾಗುವಷ್ಟು. ಅದರಲ್ಲೇ ಹೇಳಿದೆ: ನಿಮ್ಮ ಪುಸ್ತಕದಲ್ಲಿ ನಾನು ಬೇಡವಾದರೆ ಬೇಡ, ಈ ಬೋರ್ಡು ನಮ್ಮದು. ಹೇಳಿ ಮೂರು ಬಾಣ ಎಸೆದೆ. ಮೂರರಲ್ಲಿ ಒಂದು ಗೋಡೆಗೆ ಬಿತ್ತು. ಅವನ ತಂಡ ಜಾಕೆಟ್ಟು ಹಾಕಿಕೊಂಡು ಹೊರಟುಹೋಯಿತು.

ಇನ್ನು ಮುಂದಿನ ಬುಧವಾರದ್ದೇ ಯೋಚನೆ. ಅವತ್ತು ಬೆರ್ರಿಯೆಸಾದವರ ಸರದಿ. ಅವರು ಬರದಿದ್ದರೆ ನಾವು ನಾಲ್ವರು ಬ್ಯಾಡ್ಜು ಹಾಕಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ಕೂರಬೇಕು. ಆರು ಗಂಟೆಗೆ ಬರಬೇಕಾದವರು ಆರೂ ಕಾಲಾದರೂ ಪತ್ತೆಯಿಲ್ಲ. ಪಕ್ಕದ ಕೋಣೆಯಲ್ಲಿ ನನ್ನ ಡ್ರೈಯರು ನಿಂತಿತು. ಬಟ್ಟೆ ತೆಗೆಯಲು ಎದ್ದೆ. ಕಿಟಕಿಯಲ್ಲಿ ಸಾಹೇಬರ ವ್ಯಾನಿನ ದೀಪ ಕಂಡಿತು. ನಾಲ್ಕೂ ಜನ ಇಳಿದರು.

ಫ್ರೀವೇಯಲ್ಲಿ ಆಕ್ಸಿಡೆಂಟಾಗಿ ದಾರಿ ಕಟ್ಟಿತ್ತಂತೆ. ಕಾರ್ಯದರ್ಶಿಯ ಮಾತು ನಿಮ್ಮವರೆಗೆ ಬಂದಿಲ್ಲವೇ ಎಂದು ಕೇಳಿದೆ.

"ಬಂತ್ರಿ. ಅಂಗಡಿಗೆ ಫೋನ್ ಮಾಡಿದ್ದ. ಲೀಗ್ ಅವಂದು, ಬುಧವಾರ ನಂದು ಅಂದೆ."

ಮೊದಲ ಆಟ ಅವರ ನಾಯಕನಿಗೂ ನನಗೂ. ಸಾಹೇಬರೇ ಹಲಗೆಯ ಪಕ್ಕ ನಿಂತರು. ಮೊದಲ ಮೂರು ಬಾಣ ಎಲ್ಲೆಲ್ಲೋ ಹೋದವು, ಆಮೇಲೆ ಕೈ ಕುದುರಿತು. ಅವನು ಇನ್ನೂ ನಲವತ್ತರಲ್ಲಿ ತಡಕಾಡುತ್ತಿದ್ದಾಗ ನನಗೆ ಉಳಿದದ್ದು ಮೂವತ್ತೆರಡು. ಎಡಗಡೆ ಕೆಳಗೆ, ಹದಿನಾರು, ಹೊರಗಿನ ಪಟ್ಟಿ. ಹಿಂದೆ ಕುರ್ಚಿ ಸರಿದ ಸದ್ದಾಯಿತು. ಬಾಯಿ ಜಾರೀತೆಂದು ಹೆದರಿ ನಮ್ಮವರು ಎದ್ದು ಲಾಂಡ್ರಿ ಕೋಣೆಗೆ ಹೋದದ್ದು ನನಗೆ ಆಮೇಲೆ ತಿಳಿಯಿತು.

ಮೊದಲ ಬಾಣ ಪಟ್ಟಿಯಾಚೆ. ಎರಡನೆಯದು ಹದಿನಾರಿಗೇ ಬಿತ್ತು, ಆದರೆ ಪಟ್ಟಿಗಿಂತ ಒಳಗೆ. ಉಳಿದದ್ದು ಹದಿನಾರು. ಮೂರನೆಯದನ್ನು ಪಕ್ಕದ ಎಂಟರ ಪಟ್ಟಿಗೆ ಗುರಿಯಿಟ್ಟೆ. ಕೂದಲೆಳೆಯಷ್ಟು ಆಚೆ ಬಿತ್ತು. ನಾಯಕ ಬಂದು ಒಂದೇ ಬಾಣಕ್ಕೆ ಮುಗಿಸಿದ. ಸೋತೆ.

ಸಾಹೇಬರು ಹಲಗೆ ಒರೆಸಿ, ಸೀಮೆಸುಣ್ಣವನ್ನು ನನ್ನ ಮುಂದೆ ಹಿಡಿದರು.

"ಸೋತವ್ರು ಬರೀಬೇಕ್ರಿ ಅಕ್ಕಾರ. ಅಜ್ಜಾರ ಕಾಯ್ದೆ."

ಬಾಗಿಲ ಮೇಲೆ ಆ ಚೀಟಿ ಇನ್ನೂ ಇತ್ತು. ಅದನ್ನು ಕೀಳಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನನ್ನ ಹಳೆಯ ಜಾಗದಲ್ಲಿ ನಿಂತೆ.

ಮುಂದಿನ ಆಟ ನಮ್ಮವರದು. ಬಿಸಿಬಿಸಿ ಬಟ್ಟೆಯ ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಗೆರೆಗೆ ಬಂದರು. ಕೊನೆಗೆ ಬಂದಾಗ ಬಾಣ ಹಿಡಿದು ಫ್ರಿಜ್ಜಿನ ಮುಂದೆ ನಿಂತ ಹಾಗೆ ನಿಂತರು. ಎಷ್ಟಿದೆ ಎಂದು ಕೇಳಿದರು.

"ಎಪ್ಪತ್ತಾರು" ಅಂದೆ. ಅಷ್ಟೇ. ಮಿಕ್ಕಿದ್ದನ್ನು ಅವರೇ ಹುಡುಕಿಕೊಳ್ಳಲಿ.