ಹ್ಯಾಂಡಲ್‌ಗೊಂದು ಕೊಂಬಿನ ದೀರ್ಘ

ಕನ್ನಡದಲ್ಲಿ ನೇರವಲ್ಲದ್ದಕ್ಕೆ ಇರುವಷ್ಟು ಹೆಸರು ನೇರವಾದದ್ದಕ್ಕೆ ಇಲ್ಲ. ಸೊಟ್ಟ, ಡೊಂಕು, ಓರೆ, ವಾರೆ, ವಕ್ರ, ಅಂಕುಡೊಂಕು... ಒಂದು ಸಂಜೆ ದಿನಚರಿಯ ಅಂಚಿನಲ್ಲಿ ಪಟ್ಟಿ ಮಾಡುತ್ತ ಹೋದೆ, ಅಂಚೇ ಮುಗಿದುಹೋಯಿತು. ಇನ್ನೊಂದು ಕಡೆಗೆ ಸಿಕ್ಕಿದ್ದು ‘ನೇರ’, ‘ನೆಟ್ಟಗೆ’ ಎರಡೇ. ಅದರಲ್ಲೂ ‘ನೆಟ್ಟಗೆ’ ನಮ್ಮ ಮನೆಯಲ್ಲಿ ಬೈಗುಳದ ಜೊತೆಗೆ ಮಾತ್ರ ಬರುವ ಪದ: ನೆಟ್ಟಗೆ ಕೂತ್ಕೋ, ನೆಟ್ಟಗೆ ಮಾತಾಡು. ಇಂಥ ಲೆಕ್ಕಗಳನ್ನೆಲ್ಲ ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಈ ಲೆಕ್ಕಕ್ಕೆ ಮಾತ್ರ ಕಾರಣ ನನ್ನ ಎಡ ಮಣಿಕಟ್ಟು.

ಅದು ಸೈಕಲ್ಲಿನಿಂದ ಬಿದ್ದು ಮುರಿಯಿತು ಎಂದು ಹೇಳಿಕೊಳ್ಳಲು ನನಗೆ ಬಹಳ ಆಸೆ. ನನ್ನದು ಗುಡ್ಡ ಹತ್ತುವ ಸೈಕಲ್ಲು. ದಪ್ಪ ಟೈರು, ಟಗರಿನ ಮೈಕಟ್ಟು. ಭದ್ರಾವತಿಯ ಕಾಗದನಗರದ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಹೊರದೇಶದ ಎಂಜಿನಿಯರೊಬ್ಬರು ಬಿಟ್ಟುಹೋದದ್ದು. ನಮ್ಮ ಮಾವನ ಶೆಡ್ಡಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ನನಗೆ ಶಿವಮೊಗ್ಗದ ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕ ವರ್ಷ ನನ್ನ ಪಾಲಿಗೆ ಬಂತು. ಅದರ ಮೇಲೆ ಕೂತು ರಾಗಿಗುಡ್ಡದ ಏರು ಹತ್ತಿದ್ದೇನೆ. ತ್ಯಾವರೆಕೊಪ್ಪದ ಸಿಂಹಧಾಮದವರೆಗೂ ಹೋಗಿ, ಬೇಲಿಯಾಚೆ ಸಿಂಹ ಗರ್ಜಿಸಿದ್ದನ್ನು ಕೇಳಿ, ಹೋದದ್ದಕ್ಕಿಂತ ಬೇಗ ವಾಪಸ್ಸು ಬಂದಿದ್ದೇನೆ. ಎಲ್ಲೂ ಬೀಳಲಿಲ್ಲ. ಬಿದ್ದದ್ದು ನಮ್ಮ ಮನೆಯ ಬಚ್ಚಲಿನಲ್ಲಿ, ಸೋಪಿನ ಮೇಲೆ ಕಾಲಿಟ್ಟು.

ಮೂಳೆ ಕೂಡಿತು, ಕೊಂಚ ವಾರೆಯಾಗಿ ಕೂಡಿತು. ಹಿಟ್ಟು ಕಲಸಲು, ಕೀಲಿಮಣೆ ಒತ್ತಲು ಏನೂ ತೊಂದರೆಯಿಲ್ಲ. ಆದರೆ ಸೈಕಲ್ಲಿನ ಹ್ಯಾಂಡಲ್ ಒನಕೆಯ ಹಾಗೆ ನೇರ. ಹಿಡಿದು ಒಂದು ಬೀದಿ ದಾಟುವಷ್ಟರಲ್ಲಿ ಎಡಗೈ ಒಳಗಿನಿಂದ ಸುಡುತ್ತಿತ್ತು.

“ಮಾರ್ಬಿಡೇ ಅದನ್ನ. ಊರಲ್ಲಿ ಬಸ್ಸಿಲ್ವಾ?” ಎಂದರು ಅಮ್ಮ.

ಬಸ್ಸು ಇತ್ತು. ಆದರೆ ಅದು ಹೋಗುವ ಕಡೆಗೆ ನಾನು ಹೋಗಬೇಕಿತ್ತು. ಮನಸ್ಸಾದ ಕಡೆಗೆ ತಿರುಗುವ ಸುಖ ಒಮ್ಮೆ ಕಂಡವಳಿಗೆ ಕಿಟಕಿಯ ಪಕ್ಕದ ಸೀಟು ಯಾವ ಲೆಕ್ಕ? ದೀಪಾವಳಿಯೊಳಗೆ ಏನಾದರೂ ದಾರಿ ಮಾಡುತ್ತೇನೆ, ಆಗದಿದ್ದರೆ ಮಾರೋಣ ಎಂದು ಅಮ್ಮನಿಗೆ ಮಾತು ಕೊಟ್ಟೆ.

ಎಡಗಡೆ ಮಾತ್ರ ಹೆಚ್ಚು ಹಿಂದಕ್ಕೆ ಬಾಗಿರುವ ಹ್ಯಾಂಡಲ್ ಇದೆಯೇ ಎಂದು ಕೇಳಿದಾಗ ಸೈಕಲ್ ಅಂಗಡಿಯವರು ನನ್ನನ್ನೇ ಓರೆಯಾಗಿ ನೋಡಿದರು. ಕೊನೆಗೆ ಹೋದದ್ದು ಭದ್ರಾವತಿಗೆ, ಮುರುಗೇಶಣ್ಣನ ಶೆಡ್ಡಿಗೆ. ಗೇಟು, ಗ್ರಿಲ್ಲು, ಕಬ್ಬಿಣದ ಮಂಚ ಮಾಡುವವರು. ಕೋನಮಾಪಕ ಹಿಡಿದು ಬರೆದ ನನ್ನ ನಕ್ಷೆಯನ್ನು ಅವರು ಬಹಳ ಗೌರವದಿಂದ ನೋಡಿದರು. ಕೊಳವೆಗೆ ಒಣ ಮರಳು ತುಂಬಿದರು. ಹಾಗೆ ತುಂಬಿದರೆ ಬಾಗಿಸುವಾಗ ಹೊಟ್ಟೆ ಒಳಸೇರುವುದಿಲ್ಲವಂತೆ. ಕೊಳವೆಯ ಬಾಯಿ ಮುಚ್ಚಿ ಕುಲುಮೆಗಿಟ್ಟರು. “ಮುಂದಿನ ಭಾನುವಾರ ಬಾ,” ಎಂದರು.

ಭಾನುವಾರ ಸೈಕಲ್ಲನ್ನು ಬಸ್ಸಿನ ನೆತ್ತಿಗೇರಿಸಿಕೊಂಡು ಹೋದೆ. ಹ್ಯಾಂಡಲ್ ಥಳಥಳ ಹೊಳೆಯುತ್ತಿತ್ತು. ಎರಡೂ ಕಡೆ ಒಂದೇ ಬಾಗು, ಕನ್ನಡಿಯಲ್ಲಿ ನೋಡಿದ ಹಾಗೆ.

“ಅಣ್ಣಾ, ಎಡಗಡೆ ಜಾಸ್ತಿ ಬಾಗ್ಬೇಕಿತ್ತಲ್ಲ?”

“ನಿನ್ ಡ್ರಾಯಿಂಗೇ ಸೊಟ್ಟ ಇತ್ತು ಮಾರಾಯ್ತಿ. ಪಾಪ, ಕೈ ನೋವಲ್ಲಿ ಬರೆದಿದೀಯ ಅಂತ ನಾನೇ ಸರಿ ಮಾಡ್ದೆ.”

ನನಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಅದನ್ನೇ ಸೈಕಲ್ಲಿಗೆ ಹಾಕಿಸಿ, ಕೂತು ಬೀದಿಯ ಕೊನೆಯವರೆಗೆ ಹೋದೆ, ಅದೇ ಉರಿ. ದೀಪಾವಳಿಗೆ ಉಳಿದಿದ್ದುದು ಅದೊಂದೇ ಭಾನುವಾರ. ಸೈಕಲ್ ತಳ್ಳಿಕೊಂಡು ವಾಪಸ್ಸು ಬಂದೆ.

“ಸೊಟ್ಟ ಮಾಡಿ ಕೊಟ್ರೆ ಮುರುಗೇಶನ್ ಕೆಲ್ಸ ನೋಡು ಅಂತ ಊರೆಲ್ಲ ನಗ್ತದೆ ಕಣಮ್ಮ. ಎರಡೂ ಕಡೆ ಸಮ ಇದ್ರೇನೇ ಲಕ್ಷಣ.”

“ನಿಮ್ ಮೀಸೆ ಎರಡೂ ಕಡೆ ಸಮ ಇದ್ಯಾ? ಮೊದ್ಲು ಅದ್ನ ನೋಡ್ಕೊಳ್ಳಿ,” ಎಂದರು ಅವರ ಹೆಂಡತಿ, ಒಳಗಿನಿಂದ.

ಮುರುಗೇಶಣ್ಣ ಮೀಸೆ ಮುಟ್ಟಿಕೊಳ್ಳುತ್ತಿದ್ದಾಗ ನನ್ನ ಕಣ್ಣು ಅವರ ಹಿಂದೆ ಒರಗಿಸಿದ್ದ ಗೇಟಿನ ಮೇಲೆ ಬಿತ್ತು. ಅದರಲ್ಲಿ ಕಬ್ಬಿಣದ ಸರಳು ಬಾಗಿಸಿ ‘ಗುರುಮೂರ್ತಿ ನಿಲಯ’ ಎಂದು ಬರೆದಿತ್ತು. ದಿನವಿಡೀ ಅಕ್ಷರ ಜೋಡಿಸುವವಳಿಗೆ ಮೊದಲು ಕಾಣುವುದು ಕೊಂಬೇ.

“ಅಣ್ಣಾ, ಗು ಕೊಂಬು ಗಿಡ್ಡ, ಮೂ ಕೊಂಬು ಉದ್ದ. ಯಾಕೆ ಸಮ ಮಾಡ್ಲಿಲ್ಲ?”

“ಮಾಡಿದ್ರೆ ಮನೆ ಯಜಮಾನ ಬಿಡ್ತಾನಾ? ಗುರುಮುರ್ತಿ ಆಗೋಗ್ತಾನಲ್ಲ!”

ನಾನು ಎರಡೂ ಕೈಗಳನ್ನು ಅವರ ಮುಂದೆ ಚಾಚಿದೆ. “ನಂದೂ ಹಾಗೇ ಅಣ್ಣಾ. ಬಲಗಡೆ ಬರೀ ಕೊಂಬು, ಎಡಗಡೆ ಕೊಂಬಿನ ದೀರ್ಘ.”

ಅವರು ನನ್ನ ಮಣಿಕಟ್ಟುಗಳನ್ನು ನೋಡಿದರು, ಗೇಟನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು. “ಮೊದ್ಲೇ ಕನ್ನಡದಲ್ಲಿ ಹೇಳೋಕೇನಾಗಿತ್ತು? ಡಿಗ್ರಿ ಗಿಗ್ರಿ ಅಂತ ಬರೆದು ತಲೆ ತಿಂದೆ,” ಎಂದವರೇ ಹೊಸ ಕೊಳವೆಗೆ ಮರಳು ತುಂಬತೊಡಗಿದರು. ನನ್ನನ್ನು ಸೀಟಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಕೈಗಳು ತಾವಾಗಿ ಎಲ್ಲಿ ಹೋಗಿ ನಿಲ್ಲುತ್ತವೆಂದು ಸೀಮೆಸುಣ್ಣದಲ್ಲಿ ಮುಂದಿಟ್ಟ ಹಲಗೆಯ ಮೇಲೆ ಗುರುತು ಮಾಡಿಕೊಂಡರು. ನನ್ನ ನಕ್ಷೆಯೂ ಅಲ್ಲ, ಅವರ ಲಕ್ಷಣವೂ ಅಲ್ಲ. ಮೂರನೆಯದೊಂದು ಬಾಗು ಸಿದ್ಧವಾಯಿತು. ಮಧ್ಯಾಹ್ನ ಅದು ತಣ್ಣಗಾಗುವವರೆಗೆ ಅವರ ಹೆಂಡತಿ ನನಗೆ ಎರಡು ಸಲ ಬಡಿಸಿದರು.

ಅಂದು ಸೈಕಲ್ಲು ಬಸ್ಸಿನ ನೆತ್ತಿ ಹತ್ತಲಿಲ್ಲ. ಶಿವಮೊಗ್ಗದ ದಾರಿ ಹಿಡಿದು ತುಳಿಯತೊಡಗಿದೆ. ಮೊದಲ ಸೇತುವೆ, ಮೊದಲ ಏರು. ಉರಿ ಈಗ ಬಂತು, ಈಗ ಬಂತು ಎಂದು ಕಾಯುತ್ತ ಹೋದೆ. ಬರಲಿಲ್ಲ. ಅರ್ಧ ದಾರಿಯಲ್ಲಿ ಟೀ ಕುಡಿಯಲು ನಿಂತೆ. ಅಲ್ಲಿದ್ದ ಲಾರಿ ಡ್ರೈವರೊಬ್ಬ ಸೈಕಲ್ಲನ್ನು ದಿಟ್ಟಿಸಿ ಎದ್ದು ಬಂದ.

“ಎಲ್ಲೋ ಬಿದ್ದಿದೀಯಲ್ಲಮ್ಮ, ಹ್ಯಾಂಡಲ್ ತಿರುಚ್ಕೊಂಡಿದೆ,” ಎನ್ನುತ್ತ ಮುಂಚಕ್ರವನ್ನು ಎರಡೂ ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಹ್ಯಾಂಡಲ್ ಹಿಡಿದು ತಿರುವಲು ಸಿದ್ಧನಾದ. ದಾರಿಯಲ್ಲಿ ಕಂಡ ಯಾರ ಸೈಕಲ್ಲಿಗಾದರೂ ನಮ್ಮ ಜನ ಪುಕ್ಕಟೆಯಾಗಿ ಮಾಡುವ ಉಪಕಾರ ಅದು.

“ಬೇಡಣ್ಣ, ಬೇಡ! ಅದು ಸರಿಯಾಗೇ ಇದೆ.”

ಅವನು ಒಂದು ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿದ. “ಯಾರು ಹೇಳಿದ್ದು?”

“ನನ್ ಕೈ,” ಎಂದೆ.

ನಂಬಿಕೆ ಬಾರದೆಯೇ ಅವನು ಚಕ್ರ ಬಿಟ್ಟ. ನಾನು ಹತ್ತಿ ಹೊರಟೆ. ಮನೆಯ ಬಾಗಿಲು ಮುಟ್ಟುವವರೆಗೂ ಕೈ ತನ್ನ ಮಾತು ಬದಲಿಸಲಿಲ್ಲ.