ಬಾಲದ ಮೇಲಿನ ಹಳದಿ ಚುಕ್ಕೆ

ಆ ಒಂದು ಗೆಲುವಿಗೆ ನನಗೆ ತಗುಲಿದ್ದು ಆರು ಚುಕ್ಕೆ ಹಳದಿ ಬಣ್ಣ — ಒಂದೊಂದೂ ಸಾಸಿವೆ ಕಾಳಿನಷ್ಟು. ರಾಯರ ಎದುರು ಒಮ್ಮೆಯಾದರೂ ಗೆಲ್ಲಬೇಕಿತ್ತು, ಅದಕ್ಕೇ ಮೋಸ ಮಾಡಿದೆ.

ಆಂಧ್ರ ಇನ್ನೂ ಒಡೆಯದಿದ್ದ ಕಾಲ. ರಾಯರು ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ನಾನು ಮೆಹದಿಪಟ್ಟಣಂನಲ್ಲಿ ಅಂಗಡಿ ಬೋರ್ಡು ಬರೆಯುವವನು. ಜೀಡಿಮೆಟ್ಲಾದ ಕಾರ್ಖಾನೆಗಳಿಂದ ಉಳಿದ ಬಣ್ಣವನ್ನು ಚೌಕಾಶಿ ಮಾಡಿ ತರುತ್ತಿದ್ದೆ. ಭಾನುವಾರ ಅವರ ಊಟದ ಮೇಜಿಗೆ ಕಪ್ಪು ಬಟ್ಟೆ ಹಾಸಿದರೆ ಅದೇ ಅಂತರಿಕ್ಷ. ಅದರ ಮೇಲೆ ಗೇಣುದ್ದದ ಕಟ್ಟಿಗೆಯ ಆಕಾಶಹಡಗುಗಳ ಯುದ್ಧದಾಟ, ನಮ್ಮಿಬ್ಬರದೇ. ಎದುರಾಳಿಯ ಹಡಗಿನ ಮುಖ ಎತ್ತ ಇದೆಯೆಂದು ಕುರ್ಚಿಯಿಂದ ಏಳದೆ, ಕಣ್ಣಳತೆಯಲ್ಲೇ ಹೇಳಿ ಗುಂಡು ಹಾರಿಸಬೇಕು. ಬಾಲಕ್ಕೆ ಬಿದ್ದರೆ ಹಡಗು ಹೋಯಿತು.

ರಾಯರು ಆರು ತಿಂಗಳು ಕೂತು ತಮ್ಮ ಆರು ಹಡಗುಗಳಿಗೆ ಬೂದು, ನೀಲಿ, ಮಾಸಲು ಬಿಳಿಯ ಮುರುಕು ಪಟ್ಟೆ ಬಳಿದರು. ಮೂತಿ ಯಾವುದು, ಬಾಲ ಯಾವುದು — ತಿಳಿಯುತ್ತಲೇ ಇರಲಿಲ್ಲ.

"ಮುಚ್ಚಿಡೂದಲ್ಲೋ ಶರಣಪ್ಪಾ, ಕಣ್ಣಿಗೆ ದಾರಿ ತಪ್ಪಸೂದು," ಎನ್ನುತ್ತಿದ್ದರು.

ವಾರ್ನಿಶ್ ಹೊಡೆಯಲು ನನ್ನ ಕೈಗೇ ಕೊಟ್ಟರು — ಎದುರಾಳಿಯ ಕೈಗೆ! ಪ್ರತಿ ಬಾಲಕ್ಕೂ ಒಂದು ಚುಕ್ಕೆ ಇಟ್ಟೆ. ಅವರ ಪಟ್ಟೆಗಳೇ ಅದನ್ನು ಮರೆಮಾಡಿದವು. ಎಲ್ಲಿದೆಯೆಂದು ಬಲ್ಲ ನನಗೆ ಮಾತ್ರ ಕಂಡಿತು.

ಮುಂದಿನ ಭಾನುವಾರ ಆರೂ ಹಡಗು ಹೋದವು.

"ಏನ್ ಕಣ್ಣೋ ನಿನ್ನವು, ಹದ್ದಿನ ಕಣ್ಣು! ಖರೇ ಹೇಳು — ನನ್ನ ಬಣ್ಣದಾಗ ಏನರೆ ತಪ್ಪದ ಏನು?"

"ಹೌದ್ರೀ... ಬಾಲ ಕಾಣ್ತದರೀ."

ಚುಕ್ಕೆಯ ಮಾತು ಆಗಲೇ ಹೇಳಬಹುದಿತ್ತು. "ಹಂಗಾದ್ರ ಬಣ್ಣಾ ಎಲ್ಲಾ ಒರಸಿಬಿಡಪಾ" ಎಂದು ಎಲ್ಲವನ್ನೂ ನನಗೇ ಕೊಟ್ಟರು. ಥಿನ್ನರ್ ಹಚ್ಚಿ ಐದರ ಪಟ್ಟೆ, ಚುಕ್ಕೆ ಎಲ್ಲ ಒರೆಸಿದೆ. ಆರನೆಯದಕ್ಕೆ ಕೈ ಬರಲಿಲ್ಲ, ನನ್ನ ಬಳಿಯೇ ಇಟ್ಟುಕೊಂಡು ಕಳೆದುಹೋಯಿತು ಎಂದೆ. ರಾಯರು ಮತ್ತೆ ಕುಂಚ ಹಿಡಿಯಲಿಲ್ಲ. ಊಟಕ್ಕೆ ಮಾತ್ರ ಪ್ರತಿ ಭಾನುವಾರ ಕರೆಯುತ್ತಲೇ ಇದ್ದರು. ನಾನು ಹೋಗುತ್ತಲೇ ಇದ್ದೆ.

ಇಂದು ನನ್ನ ಬೋರ್ಡುಗಳನ್ನು ಓಡುವ ಬಸ್ಸಿನಿಂದಲೂ ಓದಬಹುದು. ಅದು ಅವರದೇ ಪಾಠ, ತಿರುವಿ ಹಾಕಿದ್ದು: ಕಣ್ಣಿಗೆ ದಾರಿ ತಪ್ಪಿಸಬೇಕಾದರೆ ಅಂಚು ಮುರಿ, ಕಾಣಬೇಕಾದರೆ ಅಂಚು ಮುರಿಯಬೇಡ. ನನ್ನ ಅಂಗಡಿ, ಮನೆ, ಮಗಳ ಓದು — ಎಲ್ಲ ಎದ್ದು ಬಂದದ್ದು ಆ ಮೇಜಿನಿಂದ. ಚೌಕಾಶಿ ಇಲ್ಲದೆ ನನಗೆ ಸಿಕ್ಕಿದ್ದು ಅದೊಂದೇ.

ರಾಯರು ಇನ್ನೂ ಇದ್ದಾರೆ. ಈ ಭಾನುವಾರ ಆರನೆಯ ಹಡಗನ್ನು ಒಯ್ಯುತ್ತೇನೆ.

ನಿಮಗೂ ಒಂದು ಮಾತು. ಇನ್ನೊಬ್ಬರ ಕೆಲಸದ ಮೇಲೆ ನೀವಿಟ್ಟ ಚುಕ್ಕೆ ಥಿನ್ನರಿಗೆ ಹೋಗುತ್ತದೆ. ಬಟ್ಟೆಯ ತುದಿಗೆ ಎರಡು ಹನಿ ಸಾಕು. ಆದರೆ ತೋರಿಸುವ ಮೊದಲು ಒರೆಸಬೇಡಿ. ಒಯ್ದು, ಬಾಲವನ್ನು ಅವರ ಕಡೆಗೆ ತಿರುಗಿಸಿ ಇಡಿ.